ಆಗದು ಎನ್ನುವ ಭಾಷೆಯ ಒಡನಾಟ

ಇಷ್ಟು ವರ್ಷಗಳ ಒಡನಾಟದಲ್ಲಿ ಹ್ಯಾಸ್ಕೆಲ್ ಭಾಷೆ ನನಗೆ ‘ಆಗದು’ ಎಂದದ್ದೇ ಹೆಚ್ಚು ನೆನಪಿದೆ. ಮೊದಲು ಸಿ, ಆಮೇಲೆ ಸಿ++, ಕೊನೆಗೆ ಜಾವಾ ಎಂಬ ಕ್ರಮದಲ್ಲಿ ಪ್ರೋಗ್ರಾಮಿಂಗ್ ಕಲಿತ ನಮ್ಮ ತಲೆಮಾರಿಗೆ, ಮುಂದುವರಿದ ಭಾಷೆಯೆಂದರೆ ಹೆಚ್ಚು ಕೆಲಸ ಮಾಡಗೊಡುವ ಭಾಷೆ ಎಂಬ ಎಣಿಕೆಯಿತ್ತು. ಸಿ ಭಾಷೆಯ ಪಾಯಿಂಟರ್ ನೆನಪುಕೋಶದ ಯಾವ ಮೂಲೆಗೂ ಕೈಹಾಕಬಲ್ಲದು ಎನ್ನುವುದನ್ನು ಅದರ ದೊಡ್ಡಸ್ತಿಕೆಯೆಂದೇ ಹೇಳಿಕೊಳ್ಳುತ್ತಿದ್ದೆವು. ಅದೇ ಅಳತೆಗೋಲು ಹಿಡಿದು ಹ್ಯಾಸ್ಕೆಲ್ ಬಳಿ ಹೋದವರಿಗೆ ಅದು ಬಡ ಭಾಷೆಯಂತೆ ಕಾಣುತ್ತದೆ. ಒಮ್ಮೆ ಹೆಸರಿಟ್ಟ ಬೆಲೆಯನ್ನು ಬದಲಿಸುವಂತಿಲ್ಲ. ಫಾರ್, ವೈಲ್ ಎಂಬ ಲೂಪ್‌ಗಳಿಲ್ಲ. ಲೆಕ್ಕ ಮಾಡುವ ಫಂಕ್ಷನ್ ನಡುವೆ ಪರದೆಯ ಮೇಲೆ ಒಂದು ಸಾಲು ಮುದ್ರಿಸಬೇಕೆಂದರೂ ಕಂಪೈಲರ್ ತಕರಾರು ತೆಗೆಯುತ್ತದೆ. ಆದರೆ ಬೇರೆಡೆ ಹುಡುಕಿದರೂ ಸಿಗದ ಕೆಲವು ಪ್ರೌಢ ಸೌಲಭ್ಯಗಳು ಇದೇ ಬಡ ಭಾಷೆಯಲ್ಲಿವೆ. ಬಹುಕಾಲ ಇವೆರಡೂ ಬೇರೆಬೇರೆ ಸಂಗತಿಗಳೆಂಬಂತೆ ಚರ್ಚೆಯಾಗುತ್ತಿತ್ತು: ನಿರ್ಬಂಧಗಳು ತೆರಬೇಕಾದ ಬೆಲೆ, ಸೌಲಭ್ಯಗಳು ಅದಕ್ಕೆ ಸಿಗುವ ಸರಕು. ಈಗ ಹಿಂದಿರುಗಿ ನೋಡಿದರೆ ಆ ಲೆಕ್ಕವೇ ಸರಿಯಿಲ್ಲವೆನಿಸುತ್ತದೆ. ಹ್ಯಾಸ್ಕೆಲ್‌ನ ಪ್ರೌಢ ಸೌಲಭ್ಯಗಳಲ್ಲಿ ನಿಜಕ್ಕೂ ಬೆಲೆಯುಳ್ಳವೆಲ್ಲ ನಿಷೇಧದ ಬೇರೆ ಬೇರೆ ರೂಪಗಳೇ. ಪ್ರೋಗ್ರಾಮ್ ಏನನ್ನು ಮಾಡಲಾರದು ಎಂಬ ಖಾತ್ರಿಯನ್ನು ಅವು ಓದುಗನಿಗೆ ಕೊಡುತ್ತವೆ. ಆ ಖಾತ್ರಿಯಿಂದಲೇ ಅವುಗಳ ಶಕ್ತಿ ಹುಟ್ಟುತ್ತದೆ.

ಭಾಷೆಯ ಹುಟ್ಟಿನಲ್ಲೇ ಇದರ ಸುಳಿವಿದೆ. 1987ರ ಸೆಪ್ಟೆಂಬರಿನಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಫಂಕ್ಷನಲ್ ಭಾಷೆಗಳ ಸಮ್ಮೇಳನ ನಡೆದಾಗ, ಸೋಮಾರಿ ಭಾಷೆಗಳ ಹಿಂಡೇ ಬೆಳೆದಿತ್ತು. ಒಂದು ಬೆಲೆ ಬೇಕೇಬೇಕು ಅನ್ನುವ ತನಕ ಅದನ್ನು ಲೆಕ್ಕ ಮಾಡದೆ ಮುಂದೂಡುವ ಭಾಷೆಗಳವು. ಅವುಗಳಲ್ಲಿ ಹೆಚ್ಚು ಪಕ್ವವಾಗಿದ್ದ ಡೇವಿಡ್ ಟರ್ನರ್ ಅವರ ಮಿರಾಂಡಾ ಖಾಸಗಿ ಸ್ವತ್ತಾಗಿತ್ತು. ಎಲ್ಲರಿಗೂ ಸಲ್ಲುವ ಒಂದು ಭಾಷೆ ಬೇಕೆಂದು ಅಲ್ಲಿ ಸೇರಿದವರು ಸಮಿತಿ ಮಾಡಿಕೊಂಡರು. ತರ್ಕಶಾಸ್ತ್ರಜ್ಞ ಹ್ಯಾಸ್ಕೆಲ್ ಕರಿ ಅವರ ಹೆಸರಿಟ್ಟು, ಮೊದಲ ವರದಿಯನ್ನು 1990ರ ಏಪ್ರಿಲ್ 1ರಂದು ಹೊರತಂದರು. ಸಮಿತಿಯಲ್ಲಿ ಪಾಲ್ ಹುಡಾಕ್, ಫಿಲಿಪ್ ವಾಡ್ಲರ್, ಸೈಮನ್ ಪೇಟನ್ ಜೋನ್ಸ್ ಮುಂತಾದವರ ಜೊತೆಗೆ ಭಾರತ ಮೂಲದ ಅರವಿಂದ್ ಮತ್ತು ರಿಷಿಯೂರು ನಿಖಿಲ್ ಕೂಡ ಇದ್ದರು. ಸೋಮಾರಿತನವನ್ನು ಆರಿಸಿಕೊಂಡ ಈ ಸಮಿತಿ ಅದರ ಬೆನ್ನಿಗೆ ಇನ್ನೊಂದು ಷರತ್ತಿಗೂ ಒಪ್ಪಲೇಬೇಕಾಯಿತು. ಯಾವ ಲೆಕ್ಕ ಯಾವಾಗ ನಡೆಯುತ್ತದೆ ಎಂದು ಹೇಳಲಾಗದ ಭಾಷೆಯಲ್ಲಿ ಮುದ್ರಣ, ಕಡತ ಬರವಣಿಗೆ, ಬೆಲೆ ಬದಲಾವಣೆಯಂಥ ಅಡ್ಡಪರಿಣಾಮಗಳನ್ನು ಎಲ್ಲೆಂದರಲ್ಲಿ ಬಿಟ್ಟರೆ ಕ್ರಮವೇ ತಪ್ಪುತ್ತದೆ. ಆದ್ದರಿಂದ ಫಂಕ್ಷನ್‌ಗಳು ಶುದ್ಧವಾಗಿರಬೇಕು, ಅಂದರೆ ಅದೇ ಒಳಹರಿವಿಗೆ ಎಂದಿಗೂ ಅದೇ ಉತ್ತರ ಕೊಡಬೇಕು, ಹೊರಜಗತ್ತನ್ನು ಮುಟ್ಟಬಾರದು. ಎಂಎಲ್‌ನಂಥ ಭಾಷೆಗಳು ಬೇಕೆಂದಾಗ ಕದ ತೆರೆದು ಅಡ್ಡಪರಿಣಾಮಗಳನ್ನು ಒಳಬಿಟ್ಟುಕೊಂಡವು. ಹ್ಯಾಸ್ಕೆಲ್‌ಗೆ ಆ ಅನುಕೂಲವಿರಲಿಲ್ಲ. ಹಾಗಾಗಿ ಮೊದಲ ಆರು ವರ್ಷ ಇನ್‌ಪುಟ್-ಔಟ್‌ಪುಟ್ ಎನ್ನುವುದು ಅದರ ಪಾಲಿಗೆ ಮುಜುಗರದ ವಿಷಯವಾಗಿಯೇ ಉಳಿಯಿತು. ಸಂದೇಶಗಳ ಸರಪಳಿಗಳಿಂದ ಹೇಗೋ ಕೆಲಸ ಸಾಗುತ್ತಿತ್ತು.

ಇಟಲಿಯ ಯೂಜೆನಿಯೊ ಮೊಜ್ಜಿ 1989ರಲ್ಲಿ ಗಣಿತದ ಕೆಟಗರಿ ಸಿದ್ಧಾಂತದಿಂದ ಮೊನಾಡ್ ಎಂಬ ಕಲ್ಪನೆಯನ್ನು ತಂದು ಪ್ರೋಗ್ರಾಮ್‌ಗಳ ಅರ್ಥವನ್ನು ವಿವರಿಸಲು ಬಳಸಿದರು. ಅದನ್ನು ಪ್ರೋಗ್ರಾಮರನ ಕೈಗೆ ಕೊಟ್ಟವರು ವಾಡ್ಲರ್. 1996ರ ಹ್ಯಾಸ್ಕೆಲ್ 1.3 ಆವೃತ್ತಿಯಲ್ಲಿ ಅದು ಭಾಷೆಯ ಅಧಿಕೃತ ಇನ್‌ಪುಟ್-ಔಟ್‌ಪುಟ್ ವಿಧಾನವಾಯಿತು. ಮೊನಾಡ್ ಬಗ್ಗೆ ಬಂದಷ್ಟು ವಿವರಣೆಗಳು ಹ್ಯಾಸ್ಕೆಲ್‌ನ ಬೇರಾವ ವಿಷಯಕ್ಕೂ ಬಂದಿಲ್ಲ. ಹೆಚ್ಚಿನವು ಅದು ಹೇಗೆ ಒಂದು ಕ್ರಿಯೆಯನ್ನು ಇನ್ನೊಂದಕ್ಕೆ ಪೋಣಿಸುತ್ತದೆ ಎಂದು ಹೇಳಿ ನಿಲ್ಲುತ್ತವೆ. ಆದರೆ ಪೋಣಿಸುವ ಕೆಲಸವನ್ನು ಸಿ ಭಾಷೆಯ ಅರ್ಧವಿರಾಮ ಚಿಹ್ನೆಯೂ ಮಾಡುತ್ತದೆ. ಹ್ಯಾಸ್ಕೆಲ್‌ನ ಐಒ ಮೊನಾಡ್‌ನ ವಿಶೇಷ ಇರುವುದು ಅದರ ಟೈಪ್‌ನಲ್ಲಿ. ಹೊರಜಗತ್ತನ್ನು ಮುಟ್ಟುವ ಪ್ರತಿಯೊಂದು ಕ್ರಿಯೆಯ ಟೈಪ್ ಮೇಲೂ ಐಒ ಎಂಬ ಗುರುತು ಬೀಳುತ್ತದೆ. ಅದನ್ನು ಕರೆಯುವ ಕ್ರಿಯೆಗೂ, ಅದನ್ನು ಕರೆಯುವ ಇನ್ನೊಂದಕ್ಕೂ ಆ ಗುರುತು ಅಂಟಿಕೊಳ್ಳುತ್ತ ಮೇಲೇರುತ್ತದೆ. ಸಾಮಾನ್ಯ ದಾರಿಯಲ್ಲಿ ಅದನ್ನು ಅಳಿಸಲಾಗದು. ಇದರ ಲಾಭ ಗುರುತು ಇಲ್ಲದ ಕಡೆ ಸಿಗುತ್ತದೆ. ಟೈಪ್‌ನಲ್ಲಿ ಐಒ ಇಲ್ಲದ ಫಂಕ್ಷನ್ ಡೇಟಾಬೇಸ್ ತಿದ್ದುವುದಿಲ್ಲ, ಗಡಿಯಾರ ನೋಡುವುದಿಲ್ಲ, ಜಾಲಕ್ಕೆ ಕರೆ ಕಳಿಸುವುದಿಲ್ಲ ಎಂದು ಅದರ ಒಡಲನ್ನು ಓದದೆಯೇ ಹೇಳಬಹುದು. ಸಾವಿರಾರು ಸಾಲಿನ ಪ್ರೋಗ್ರಾಮ್‌ನಲ್ಲಿ ದೋಷ ಹುಡುಕುವವನಿಗೆ, ಎಲ್ಲಿ ಹುಡುಕಬೇಕಿಲ್ಲ ಎಂದು ಮೊದಲೇ ಗೊತ್ತಾಗುವುದಕ್ಕಿಂತ ದೊಡ್ಡ ಸಹಾಯವಿಲ್ಲ.

ಇದೇ ತರ್ಕ ಇನ್ನೂ ಚೆಲುವಾಗಿ ಕಾಣುವುದು ಸಾಮಾನ್ಯೀಕೃತ ಟೈಪ್‌ಗಳಲ್ಲಿ. ‘ಅ’ ಎಂಬ ಯಾವುದೇ ಟೈಪ್‌ನ ಬೆಲೆಯನ್ನು ತೆಗೆದುಕೊಂಡು ‘ಅ’ ಟೈಪ್‌ನದೇ ಬೆಲೆಯನ್ನು ಹಿಂದಿರುಗಿಸುವ ಫಂಕ್ಷನ್ ಏನು ಮಾಡಬಲ್ಲದು? ಕೊನೆಯಿಲ್ಲದೆ ಸುತ್ತುವ ಅಥವಾ ದೋಷ ಎಸೆದು ನಿಲ್ಲುವ ಸಾಧ್ಯತೆಯನ್ನು ಬದಿಗಿಟ್ಟರೆ ಅದು ಮಾಡಬಲ್ಲದ್ದು ಒಂದೇ: ಕೊಟ್ಟದ್ದನ್ನು ಹಾಗೆಯೇ ಮರಳಿಸುವುದು. ಬಂದ ಬೆಲೆ ಸಂಖ್ಯೆಯೋ ಪದವೋ ಎಂದು ಅದಕ್ಕೆ ಗೊತ್ತಿಲ್ಲ, ಕೇಳುವ ಹಕ್ಕೂ ಇಲ್ಲ. ‘ಅ’ಗಳ ಪಟ್ಟಿಯಿಂದ ‘ಅ’ಗಳ ಪಟ್ಟಿಗೆ ಹೋಗುವ ಫಂಕ್ಷನ್ ಅಂಶಗಳನ್ನು ಹಿಂದುಮುಂದು ಮಾಡಬಹುದು, ಬಿಡಬಹುದು, ಪುನರಾವರ್ತಿಸಬಹುದು. ಹೊಸದೊಂದನ್ನು ಸೃಷ್ಟಿಸಲಾರದು, ಬೆಲೆ ನೋಡಿ ಒಂದನ್ನು ಇಟ್ಟು ಇನ್ನೊಂದನ್ನು ಎಸೆಯಲಾರದು. ಜಾನ್ ರೆನಾಲ್ಡ್ಸ್ 1983ರಲ್ಲಿ ಈ ಗುಣವನ್ನು ಸಿದ್ಧಾಂತವಾಗಿ ನಿಲ್ಲಿಸಿದರು. ಟೈಪ್ ಒಂದನ್ನೇ ಓದಿ ಫಂಕ್ಷನ್ ಬಗ್ಗೆ ಪ್ರಮೇಯಗಳನ್ನು ಬಿಟ್ಟಿಯಾಗಿ ಪಡೆಯಬಹುದೆಂದು ವಾಡ್ಲರ್ 1989ರಲ್ಲಿ ತೋರಿಸಿದರು. ಫಂಕ್ಷನ್‌ಗೆ ಗೊತ್ತಿರುವುದು ಕಡಿಮೆಯಾದಷ್ಟೂ ಆ ಫಂಕ್ಷನ್ ಬಗ್ಗೆ ನಮಗೆ ಗೊತ್ತಾಗುವುದು ಹೆಚ್ಚು ಎಂಬ ಈ ವಿಲೋಮ ಸಂಬಂಧವೇ ನನ್ನ ಮಟ್ಟಿಗೆ ಹ್ಯಾಸ್ಕೆಲ್‌ನ ಮೂಲಪಾಠ. ಅದೇ ವರ್ಷ ವಾಡ್ಲರ್ ಮತ್ತು ಸ್ಟೀಫನ್ ಬ್ಲಾಟ್ ಮಂಡಿಸಿದ ಟೈಪ್ ಕ್ಲಾಸ್‌ಗಳನ್ನು ಸಾಮಾನ್ಯವಾಗಿ ಹೊಸ ಸಾಮರ್ಥ್ಯವೆಂದು ಪರಿಚಯಿಸುತ್ತಾರೆ. ಅವನ್ನು ಅಳೆದು ಕೊಟ್ಟ ಪರವಾನಗಿ ಎಂದು ಓದುವುದು ಹೆಚ್ಚು ಸರಿ. ಪಟ್ಟಿಯನ್ನು ವಿಂಗಡಿಸುವ ಫಂಕ್ಷನ್‌ಗೆ ಅಂಶಗಳನ್ನು ಹೋಲಿಸಲು ಅನುಮತಿ ಬೇಕು, ಅದು ಟೈಪ್‌ನಲ್ಲೇ ಬರೆದಿರುತ್ತದೆ. ಹೋಲಿಸಬಹುದು, ಆದರೆ ಕೂಡಿಸುವಂತಿಲ್ಲ, ಮುದ್ರಿಸುವಂತಿಲ್ಲ.

1994ರಲ್ಲಿ ಜಾನ್ ಲಾಂಚ್‌ಬರಿ ಮತ್ತು ಪೇಟನ್ ಜೋನ್ಸ್ ರೂಪಿಸಿದ ಎಸ್‌ಟಿ ಮೊನಾಡ್, ನಿಷೇಧವನ್ನು ಎಷ್ಟು ಸೂಕ್ಷ್ಮವಾಗಿ ಕೊರೆಯಬಹುದು ಎನ್ನುವುದಕ್ಕೆ ಉದಾಹರಣೆ. ಕೆಲವು ಲೆಕ್ಕಗಳಿಗೆ ಬದಲಾಯಿಸಬಲ್ಲ ಅರೇ ಬೇಕೇಬೇಕು, ಇಲ್ಲವಾದರೆ ವೇಗ ಸಿಗದು. ಅರೇ ಒಳಗೊಳಗೇ ಹುಟ್ಟಿ, ಬದಲಾಗಿ, ಅಲ್ಲೇ ಸತ್ತರೆ ಹೊರಗಿನಿಂದ ನೋಡುವವರಿಗೆ ಆ ಫಂಕ್ಷನ್ ಶುದ್ಧವೇ. ಅರೇಯ ಹಿಡಿ ಹೊರಕ್ಕೆ ಸೋರಿದರೆ ಮಾತ್ರ ಶುದ್ಧತೆ ಕೆಡುತ್ತದೆ. ಸೋರದಂತೆ ತಡೆಯಲು ಅವರು ಯಾವ ಕಾವಲುಗಾರನನ್ನೂ ಓಡುವ ಪ್ರೋಗ್ರಾಮ್‌ನಲ್ಲಿ ಇಡಲಿಲ್ಲ. ಪ್ರತಿ ಲೆಕ್ಕಕ್ಕೂ ಅದರದೇ ಒಂದು ಕಾಲ್ಪನಿಕ ಟೈಪ್ ಮುದ್ರೆ ಒತ್ತಿದರು. ಒಳಗೆ ಹುಟ್ಟಿದ ಎಲ್ಲ ಹಿಡಿಗಳ ಟೈಪ್‌ನಲ್ಲೂ ಆ ಮುದ್ರೆ ಸೇರಿರುತ್ತದೆ. ಲೆಕ್ಕವನ್ನು ಓಡಿಸುವ ಫಂಕ್ಷನ್ ಹೇಳುವುದಿಷ್ಟೇ: ‘ಮುದ್ರೆ ಯಾವುದೇ ಇದ್ದರೂ ಈ ಲೆಕ್ಕ ಸಲ್ಲಬೇಕು, ಮತ್ತು ಉತ್ತರದ ಟೈಪ್‌ನಲ್ಲಿ ಆ ಮುದ್ರೆ ಇರಕೂಡದು.’ ಹಿಡಿಯನ್ನು ಹೊರಗೆ ಕೊಡಲು ಹೋದರೆ ಉತ್ತರದಲ್ಲಿ ಮುದ್ರೆ ಕಾಣಿಸಿಕೊಳ್ಳುತ್ತದೆ, ಟೈಪ್ ಹೊಂದುವುದಿಲ್ಲ, ಕಂಪೈಲರ್ ಅಲ್ಲೇ ನಿಲ್ಲಿಸುತ್ತದೆ. ಎರಡನೆಯ ಶ್ರೇಣಿಯ ಟೈಪ್‌ಗಳೆಂಬ ಗಡುಸು ಹೆಸರಿನ ಸೌಲಭ್ಯದಿಂದ ನಡೆಯುವ ಕೆಲಸ ಇದು. ಅದು ಪ್ರೋಗ್ರಾಮರನಿಗೆ ಬದಲಾವಣೆಯ ಸ್ವಾತಂತ್ರ್ಯ ಕೊಟ್ಟಂತೆ ಕಂಡರೂ, ಆ ಸ್ವಾತಂತ್ರ್ಯ ಸಾಧ್ಯವಾದದ್ದು ಸೋರಿಕೆ ಅಸಾಧ್ಯವಾದ್ದರಿಂದ.

ನನ್ನ ವಾದಕ್ಕೆ ಎಲ್ಲಕ್ಕಿಂತ ಗಟ್ಟಿ ಸಾಕ್ಷ್ಯ 2005ರದು. ಟಿಮ್ ಹ್ಯಾರಿಸ್, ಸೈಮನ್ ಮಾರ್ಲೋ, ಪೇಟನ್ ಜೋನ್ಸ್ ಮತ್ತು ಮಾರಿಸ್ ಹರ್ಲಿಹಿ ಸಾಫ್ಟ್‌ವೇರ್ ಟ್ರಾನ್ಸಾಕ್ಷನಲ್ ಮೆಮೊರಿಯನ್ನು ಹ್ಯಾಸ್ಕೆಲ್‌ಗೆ ತಂದರು. ಏಕಕಾಲಕ್ಕೆ ಓಡುವ ಹಲವು ಎಳೆಗಳು (ಥ್ರೆಡ್‌ಗಳು) ಒಂದೇ ಮಾಹಿತಿಯನ್ನು ತಿದ್ದುವಾಗ ಬೀಗ ಹಾಕುವ ಬದಲು, ಡೇಟಾಬೇಸ್ ವ್ಯವಹಾರದಂತೆ ಇಡೀ ಗುಂಪನ್ನು ಒಮ್ಮೆಗೇ ಜಾರಿ ಮಾಡುವ ಉಪಾಯ ಇದು. ನಡುವೆ ಘರ್ಷಣೆ ಕಂಡರೆ ಮಾಡಿದ್ದನ್ನು ಅಳಿಸಿ ಮೊದಲಿನಿಂದ ಓಡಿಸಬೇಕು. ಒಂದು ಖಾತೆಯಿಂದ ಇನ್ನೊಂದಕ್ಕೆ ಹಣ ಹಾಕುವ ಲೆಕ್ಕವನ್ನು ಎಷ್ಟು ಸಲ ಬೇಕಾದರೂ ಅಳಿಸಿ ಓಡಿಸಬಹುದು. ಆದರೆ ಆ ಲೆಕ್ಕದ ನಡುವೆ ಗ್ರಾಹಕನಿಗೆ ಸಂದೇಶ ಹೋಗಿಬಿಟ್ಟಿದ್ದರೆ ಅದನ್ನು ಹಿಂದಕ್ಕೆ ಕರೆಯುವುದು ಹೇಗೆ? ಹ್ಯಾಸ್ಕೆಲ್‌ನಲ್ಲಿ ಆ ಪ್ರಶ್ನೆಯೇ ಏಳುವುದಿಲ್ಲ. ಟ್ರಾನ್ಸಾಕ್ಷನ್‌ನ ಟೈಪ್ ಬೇರೆ, ಐಒ ಟೈಪ್ ಬೇರೆ, ಮೊದಲನೆಯದರೊಳಗೆ ಎರಡನೆಯದು ಬಾರದು. ಅಂತಹುದೇ ಪ್ರಯತ್ನವನ್ನು ಮೈಕ್ರೋಸಾಫ್ಟ್ ಡಾಟ್‌ನೆಟ್ ವೇದಿಕೆಯಲ್ಲೂ ಮಾಡಿತು, 2010ರಲ್ಲಿ ಕೈಬಿಟ್ಟಿತು. ವೇಗದ ನಷ್ಟವೂ ಒಂದು ಕಾರಣವಾಗಿತ್ತು. ಜೊತೆಗೆ ಎಲ್ಲಿ ಬೇಕಾದರೂ ಇನ್‌ಪುಟ್-ಔಟ್‌ಪುಟ್ ನಡೆಯಬಲ್ಲ ಭಾಷೆಯಲ್ಲಿ ಟ್ರಾನ್ಸಾಕ್ಷನ್ ಒಳಗೆ ಏನಿದೆ ಏನಿಲ್ಲ ಎಂದು ಖಾತ್ರಿಪಡಿಸುವ ದಾರಿ ಇರಲಿಲ್ಲ. ಹ್ಯಾಸ್ಕೆಲ್ ಇನ್‌ಪುಟ್-ಔಟ್‌ಪುಟ್ ಮುಜುಗರದಿಂದ ಹೊರಬರಲು ಮಾಡಿದ್ದ ಬೇರ್ಪಡಿಕೆ ಸುಮಾರು ಹತ್ತು ವರ್ಷಗಳ ನಂತರ, ಯಾರೂ ಊಹಿಸದ ಜಾಗದಲ್ಲಿ ಫಲ ಕೊಟ್ಟಿತು.

ಅದೇ 2005ರಲ್ಲಿ ಗ್ಲಾಸ್ಗೋ ಹ್ಯಾಸ್ಕೆಲ್ ಕಂಪೈಲರ್‌ನ 6.4 ಆವೃತ್ತಿಯೊಡನೆ ಬಂದ ಜಿಎಡಿಟಿಗಳು, ಅಂದರೆ ಸಾಮಾನ್ಯೀಕೃತ ಬೀಜಗಣಿತೀಯ ಡೇಟಾ ಟೈಪ್‌ಗಳು, ನಿಷೇಧವನ್ನು ಮಾಹಿತಿಯ ಆಕಾರಕ್ಕೇ ತಂದವು. ಒಂದು ಪುಟ್ಟ ಗಣನ ಭಾಷೆಗೆ ಇಂಟರ್‌ಪ್ರಿಟರ್ ಬರೆಯುತ್ತೇವೆಂದುಕೊಳ್ಳಿ. ಮೂರಕ್ಕೆ ‘ಸತ್ಯ’ ಎಂಬ ತಾರ್ಕಿಕ ಬೆಲೆಯನ್ನು ಕೂಡಿಸು ಎನ್ನುವ ಅರ್ಥಹೀನ ವಾಕ್ಯ ಬಂದರೆ ಏನು ಮಾಡುವುದೆಂದು ಸಾಮಾನ್ಯ ಭಾಷೆಯಲ್ಲಿ ಯೋಚಿಸಿ ದೋಷ ಸಂದೇಶ ಬರೆಯಬೇಕು. ಜಿಎಡಿಟಿಯಲ್ಲಿ ಅಂಥ ವಾಕ್ಯದ ಮರವನ್ನು ಕಟ್ಟಲಿಕ್ಕೇ ಬರುವುದಿಲ್ಲ, ಹಾಗಾಗಿ ಅದನ್ನು ನಿಭಾಯಿಸುವ ಸಾಲುಗಳೂ ಬೇಡ. ಆಮೇಲೆ ಬಂದ ಟೈಪ್ ಫ್ಯಾಮಿಲಿಗಳು, ಬೆಲೆಗಳನ್ನು ಟೈಪ್ ಮಟ್ಟಕ್ಕೆ ಏರಿಸುವ ಡೇಟಾಕೈಂಡ್ಸ್ ಇವೆಲ್ಲ ಇದೇ ದಾರಿಯಲ್ಲಿ ಮುಂದೆ ಹೋದವು. 2021ರ 9.0 ಆವೃತ್ತಿಯ ಲೀನಿಯರ್ ಟೈಪ್‌ಗಳು ಒಂದು ಬೆಲೆಯನ್ನು ಸರಿಯಾಗಿ ಒಮ್ಮೆ ಬಳಸಬೇಕು, ಎರಡು ಸಲ ಕೂಡದು, ಬಿಟ್ಟುಬಿಡುವುದೂ ಕೂಡದು ಎಂದು ವಿಧಿಸುತ್ತವೆ. ಕಡತ ತೆರೆದು ಮುಚ್ಚಲು ಮರೆಯುವ ಹಳೆಯ ಪಿಡುಗಿಗೆ ಅದು ಮದ್ದು.

ಇದಕ್ಕೆ ಎದುರಾಗುವ ಆಕ್ಷೇಪಗಳಲ್ಲಿ ಮೊದಲನೆಯದು ಸೋಮಾರಿತನದ ಬಗ್ಗೆಯೇ. ಅದು ನಿಷೇಧವಲ್ಲ, ಅನುಮತಿ: ಬೇಕಾದಾಗ ಲೆಕ್ಕ ಮಾಡಿಕೊಳ್ಳುವ ಅನುಮತಿ. ಅದರ ಪರವಾದ ವಾದವನ್ನು ಜಾನ್ ಹ್ಯೂಸ್ 1989ರಲ್ಲಿ ಸೊಗಸಾಗಿ ಮಂಡಿಸಿದ್ದರು. ಅನಂತ ಸಾಧ್ಯತೆಗಳನ್ನು ಹುಟ್ಟಿಸುವ ಭಾಗವನ್ನೂ ಅದರಲ್ಲಿ ಬೇಕಾದಷ್ಟನ್ನು ಆರಿಸುವ ಭಾಗವನ್ನೂ ಬೇರೆಬೇರೆಯಾಗಿ ಬರೆಯಬಹುದು ಎನ್ನುವುದು ಅದರ ಸಾರ. ಆದರೆ ಮುಂದೂಡಿದ ಲೆಕ್ಕಗಳು ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಂತೆ ಬೆಳೆಯುತ್ತವೆ. ಒಂದು ಉದ್ದದ ಪಟ್ಟಿಯ ಸಂಖ್ಯೆಗಳನ್ನು ಎಡದಿಂದ ಕೂಡಿಸುತ್ತ ಹೋದರೆ, ಕಂಪೈಲರ್ ಗಮನಿಸಿ ಸರಿಪಡಿಸದಿದ್ದಲ್ಲಿ, ಮೊತ್ತದ ಬದಲು ಮೊತ್ತದ ವಾಗ್ದಾನಗಳೇ ನೆನಪುಕೋಶ ತುಂಬುತ್ತವೆ. ಈ ಆಕ್ಷೇಪವನ್ನು ನಾನು ಒಪ್ಪುತ್ತೇನೆ, ಮತ್ತು ಅದು ನನ್ನ ವಾದವನ್ನೇ ಬಲಪಡಿಸುತ್ತದೆ ಎಂದೂ ಹೇಳುತ್ತೇನೆ. ಯಾವ ಲೆಕ್ಕ ಯಾವಾಗ ನಡೆಯುತ್ತದೆ, ಎಷ್ಟು ಜಾಗ ಹಿಡಿಯುತ್ತದೆ ಎಂಬ ಖಾತ್ರಿಯನ್ನು ಕಿತ್ತುಕೊಳ್ಳುವ ಏಕೈಕ ದೊಡ್ಡ ಸೌಲಭ್ಯ ಇದು. ಹ್ಯಾಸ್ಕೆಲ್ ಬಳಗವೇ ತಿದ್ದುಪಡಿ ಮಾಡುತ್ತ ಬಂದಿರುವುದೂ ಇದನ್ನೇ. ಒಡನೆಯೇ ಲೆಕ್ಕ ಮಾಡುವಂತೆ ಇಡೀ ಕಡತಕ್ಕೆ ಆದೇಶಿಸುವ ಸ್ಟ್ರಿಕ್ಟ್ ವಿಸ್ತರಣೆ 2016ರಲ್ಲಿ ಬಂತು. ಹ್ಯಾಸ್ಕೆಲ್‌ನ ಕುಲದಲ್ಲೇ ಹುಟ್ಟಿದ ಪ್ಯೂರ್‌ಸ್ಕ್ರಿಪ್ಟ್ ಮತ್ತು ಇದ್ರಿಸ್ ಭಾಷೆಗಳು ಸೋಮಾರಿತನವನ್ನು ಬಿಟ್ಟವು, ಶುದ್ಧತೆಯನ್ನು ಉಳಿಸಿಕೊಂಡವು. ಚರಿತ್ರೆಯಲ್ಲಿ ಸೋಮಾರಿತನ ಶುದ್ಧತೆಗೆ ತಾಯಿ. ಆದರೆ ಮಗಳು ಈಗ ತನ್ನ ಕಾಲ ಮೇಲೆ ನಿಲ್ಲಬಲ್ಲಳು.

ಎರಡನೆಯ ಆಕ್ಷೇಪ ಇನ್ನೂ ಚುಚ್ಚುವಂಥದು. ನಿಷೇಧವೇ ಬೆಲೆಯೆಂದ ಮೇಲೆ ಹ್ಯಾಸ್ಕೆಲ್ ತಾನೇ ಇಟ್ಟುಕೊಂಡಿರುವ ಕಳ್ಳಗಿಂಡಿಗಳನ್ನು ಏನೆನ್ನಬೇಕು? ಐಒ ಗುರುತನ್ನು ಅಳಿಸಿಹಾಕುವ ‘ಅನ್‌ಸೇಫ್ ಪರ್ಫಾರ್ಮ್ ಐಒ’ ಎಂಬ ಫಂಕ್ಷನ್ ಇದೆ. ಪಟ್ಟಿಯ ಮೊದಲ ಅಂಶ ಕೊಡುವ ‘ಹೆಡ್’ ಖಾಲಿ ಪಟ್ಟಿ ಸಿಕ್ಕರೆ ಪ್ರೋಗ್ರಾಮ್‌ ಅನ್ನೇ ಬೀಳಿಸುತ್ತದೆ. ಈ ಎರಡು ಪ್ರಕರಣಗಳು ಒಂದೇ ತೆರನಲ್ಲ. ಮೊದಲನೆಯದು ಹೆಸರಿನಲ್ಲೇ ಅಪಾಯ ಹೊತ್ತುಕೊಂಡಿದೆ. ಅದನ್ನು ಇಡೀ ಕೋಡ್‌ನಲ್ಲಿ ಹುಡುಕಿ ತೆಗೆಯಬಹುದು, 2011ರಲ್ಲಿ ಬಂದ ಸೇಫ್ ಹ್ಯಾಸ್ಕೆಲ್ ಬಳಸಿ ಬಾಗಿಲಲ್ಲೇ ತಡೆಯಲೂಬಹುದು. ಉಲ್ಲಂಘನೆ ಎಲ್ಲಿದೆಯೆಂದು ತೋರಿಸಿ ಹೇಳಲಾಗುವ ನಿಯಮ ಇನ್ನೂ ನಿಯಮವೇ. ‘ಹೆಡ್’ ಮಾತ್ರ ನಿಜವಾದ ಕುಂದು. ಅದರ ಟೈಪ್ ಇಲ್ಲದ ಖಾತ್ರಿಯನ್ನು ಇದೆಯೆಂದು ಹೇಳುತ್ತದೆ. 2023ರ 9.8 ಆವೃತ್ತಿಯಿಂದ ಅದನ್ನು ಬಳಸಿದರೆ ಗ್ಲಾಸ್ಗೋ ಕಂಪೈಲರ್ ಎಚ್ಚರಿಸುತ್ತದೆ. ಮೂವತ್ತಕ್ಕೂ ಹೆಚ್ಚು ವರ್ಷ ತಡವಾಗಿ ಬಂದ ಎಚ್ಚರಿಕೆಯಾದರೂ ಅದು ಯಾವ ದಿಕ್ಕಿನಲ್ಲಿ ಬಂತು ಎನ್ನುವುದನ್ನು ಗಮನಿಸಬೇಕು.

ಮೂರನೆಯದು ಜಟಿಲತೆಯ ದೂರು, ಇದನ್ನು ಲಘುವಾಗಿ ಕಾಣುವಂತಿಲ್ಲ. ಗ್ಲಾಸ್ಗೋ ಕಂಪೈಲರ್‌ನಲ್ಲಿ ಭಾಷಾ ವಿಸ್ತರಣೆಗಳು ನೂರನ್ನು ದಾಟಿವೆ. ಹೊಸಬರಿಗೆ ದಿಕ್ಕು ತೋಚದು, ಟೈಪ್ ದೋಷದ ಸಂದೇಶಗಳು ಪುಟಗಟ್ಟಲೆ ಹರಿಯುತ್ತವೆ, ಕೆಲಸಕ್ಕೆ ಜನ ಸಿಗುವುದು ಕಷ್ಟ. ಇಲ್ಲಿ ನನ್ನ ಮಾನದಂಡ ಜರಡಿಯ ಕೆಲಸ ಮಾಡುತ್ತದೆ. ಆ ನೂರರಲ್ಲಿ ಬಹುಪಾಲು ಬರೆಯುವ ಶ್ರಮ ಉಳಿಸುವಂಥವು: ರೆಕಾರ್ಡ್‌ನ ಅಂಶಗಳನ್ನು ಹೆಸರಿಸದೆ ಬಿಚ್ಚಿಕೊಳ್ಳುವುದು, ಉದ್ಧರಣೆಯೊಳಗಿನ ಪಠ್ಯವನ್ನು ಬೇರೆ ಟೈಪ್‌ಗಳಾಗಿಯೂ ಓದಿಕೊಳ್ಳುವುದು ಇತ್ಯಾದಿ. ಓದುಗನಿಗೆ ಅವು ಹೊಸ ಖಾತ್ರಿಯನ್ನೇನೂ ಕೊಡುವುದಿಲ್ಲ, ಕೆಲವು ಸಲ ಇದ್ದದ್ದನ್ನೂ ಮಸುಕಾಗಿಸುತ್ತವೆ. ಹೊಸ ಖಾತ್ರಿ ಕೊಡುವವು ಬೆರಳೆಣಿಕೆಯಷ್ಟು. ಅವನ್ನೂ ಎಲ್ಲೆಡೆ ಬಳಸಬೇಕಿಲ್ಲ. ತಪ್ಪಾದರೆ ಪರದೆಯ ಮೇಲೆ ಒಂದು ಬಣ್ಣ ಕೆಡುವಷ್ಟೇ ಆಗುವ ಜಾಗದಲ್ಲಿ ಟೈಪ್ ಮಟ್ಟದ ಪುರಾವೆ ಬರೆದು ಕೂರುವುದು ದುಂದು. ತಪ್ಪಿಗೆ ಹಣದ, ಗೌಪ್ಯದ, ಜೀವದ ಬೆಲೆಯಿರುವಲ್ಲಿ ಲೆಕ್ಕ ಬೇರೆ. ಜಟಿಲತೆಯ ದೂರು ಎಲ್ಲಿ ಬಳಸಬೇಕೆಂಬ ವಿವೇಕವನ್ನು ಕೇಳುತ್ತದೆ, ಸೌಲಭ್ಯದ ಬೆಲೆಯನ್ನು ಅಲ್ಲಗಳೆಯುವುದಿಲ್ಲ.

ಕೊನೆಯ ಆಕ್ಷೇಪ: ಒಳ್ಳೆಯದನ್ನೆಲ್ಲ ಬೇರೆ ಭಾಷೆಗಳು ಆಗಲೇ ತೆಗೆದುಕೊಂಡಿವೆಯಲ್ಲ, ಇನ್ನು ಮೂಲದ ಹಟವೇಕೆ? ನಿಜ, 2004ರ ಜಾವಾ ಜೆನೆರಿಕ್ಸ್ ಹಿಂದಿನ ಕೆಲಸದಲ್ಲಿ ವಾಡ್ಲರ್ ಇದ್ದರು. 2007ರ ಸಿ ಶಾರ್ಪ್ ಆವೃತ್ತಿಯಲ್ಲಿ ಬಂದ, ಮಾಹಿತಿಯನ್ನು ಪ್ರಶ್ನಿಸುವ ‘ಲಿಂಕ್’ ಸೌಲಭ್ಯ ಮೊನಾಡ್ ಕಲ್ಪನೆಯ ಮೇಲೆ ನಿಂತಿದೆ. 2014ರಲ್ಲಿ ಜಾವಾಕ್ಕೂ ಲ್ಯಾಂಬ್ಡಾ, ಅಂದರೆ ಹೆಸರಿಲ್ಲದ ಫಂಕ್ಷನ್, ಬಂತು. ಆದರೆ ಈ ಭಾಷೆಗಳು ಒಯ್ದದ್ದು ಸೌಲಭ್ಯದ ಅನುಕೂಲವನ್ನು, ಬಿಟ್ಟುಹೋದದ್ದು ನಿಷೇಧವನ್ನು. ಜಾವಾ ಲ್ಯಾಂಬ್ಡಾದ ಒಳಗೆ ಡೇಟಾಬೇಸ್ ತಿದ್ದಲು ಇಂದಿಗೂ ಅಡ್ಡಿಯಿಲ್ಲ. ನಿಷೇಧವನ್ನೂ ಹೊತ್ತೊಯ್ದ ಭಾಷೆಯೆಂದರೆ ರಸ್ಟ್. ಟೈಪ್ ಕ್ಲಾಸ್‌ಗಳನ್ನು ಟ್ರೇಟ್ ಹೆಸರಿನಲ್ಲಿ ಪಡೆದು, ಒಂದು ಬೆಲೆಗೆ ಒಬ್ಬನೇ ಒಡೆಯ ಎಂಬ ತನ್ನದೇ ಕಟ್ಟುಪಾಡನ್ನು ಅದಕ್ಕೆ ಸೇರಿಸಿತು. ಅದರ ಗೆಲುವಿನ ಗುಟ್ಟು ಆ ಕಟ್ಟುಪಾಡಿನಲ್ಲೇ ಇದೆ. ನಿಷೇಧವಿದ್ದಾಗ ಕಂಪೈಲರ್ ಮತ್ತು ಲೈಬ್ರರಿಗೆ ಎಷ್ಟು ಸ್ವಾತಂತ್ರ್ಯ ಸಿಗುತ್ತದೆ ಎನ್ನುವುದಕ್ಕೆ ಫೇಸ್‌ಬುಕ್‌ನ ಸಿಗ್ಮಾ ವ್ಯವಸ್ಥೆ ಸಾಕ್ಷಿ. ಸ್ಪ್ಯಾಮ್ ತಡೆಯುವ ಅದರ ನಿಯಮಗಳನ್ನು ಹ್ಯಾಸ್ಕೆಲ್‌ಗೆ ತಂದಾಗ, 2015ರ ಹೊತ್ತಿಗೆ, ಅದು ಸೆಕೆಂಡಿಗೆ 10 ಲಕ್ಷಕ್ಕೂ ಹೆಚ್ಚು ಕೋರಿಕೆಗಳನ್ನು ನಿಭಾಯಿಸುತ್ತಿತ್ತು. ನಿಯಮಗಳಲ್ಲಿ ಅಡ್ಡಪರಿಣಾಮ ಇಲ್ಲದ್ದರಿಂದ, ಅವು ಕೇಳುವ ಮಾಹಿತಿಯನ್ನೆಲ್ಲ ಹ್ಯಾಕ್ಸ್ಲ್ ಎಂಬ ಲೈಬ್ರರಿ ತಾನಾಗಿಯೇ ಒಟ್ಟುಗೂಡಿಸಿ ಏಕಕಾಲಕ್ಕೆ ತರಿಸಬಲ್ಲದು. ನಮ್ಮಲ್ಲೂ ಈ ಕುಲದ ಫಲಗಳಿವೆ. 2022ರಲ್ಲಿ ಬೆಂಗಳೂರಿನ ಆಟೊ ಚಾಲಕರಿಗಾಗಿ ಬಂದ ನಮ್ಮ ಯಾತ್ರಿಯ ಸರ್ವರ್ ಭಾಗ ಹ್ಯಾಸ್ಕೆಲ್‌ನಲ್ಲಿದೆ, ಅದರ ಮೂಲ ಕೋಡ್ ಎಲ್ಲರಿಗೂ ತೆರೆದಿದೆ. ಮದ್ರಾಸ್ ಐಐಟಿಯ ಶಕ್ತಿ ಪ್ರೊಸೆಸರ್‌ಗಳನ್ನು ಬರೆದಿರುವ ಬ್ಲೂಸ್ಪೆಕ್ ಭಾಷೆಯ ಕಂಪೈಲರ್ ಹ್ಯಾಸ್ಕೆಲ್‌ನಲ್ಲಿದೆ. ಬ್ಲೂಸ್ಪೆಕ್ ಹಿಂದಿರುವ ಹೆಸರುಗಳಲ್ಲಿ 1990ರ ಸಮಿತಿಯ ಅರವಿಂದ್ ಮತ್ತು ನಿಖಿಲ್ ಮತ್ತೆ ಕಾಣುತ್ತಾರೆ.

ಮುಂದಿನ ದೊಡ್ಡ ಹೆಜ್ಜೆಯೆಂದು ಬಳಗ ಬಹುದಿನದಿಂದ ಚರ್ಚಿಸುತ್ತಿರುವುದು ಡಿಪೆಂಡೆಂಟ್ ಟೈಪ್‌ಗಳನ್ನು, ಅಂದರೆ ಟೈಪ್ ಮತ್ತು ಬೆಲೆಯ ನಡುವಿನ ಗೋಡೆಯನ್ನೇ ತೆಗೆಯುವುದನ್ನು. ಅದರ ಪರ ನಿಂತವರು ಅದರಿಂದ ಏನೇನು ಬರೆಯಲು ಸಾಧ್ಯವೆಂದು ಪಟ್ಟಿ ಮಾಡುತ್ತಾರೆ. ವಿರೋಧಿಸುವವರು ಭಾಷೆ ಇನ್ನಷ್ಟು ಕಠಿಣವಾಗುತ್ತದೆ ಎನ್ನುತ್ತಾರೆ. ಈ ಒಡನಾಟ ನನಗೆ ಕಲಿಸಿದ ಪ್ರಶ್ನೆ ಎರಡೂ ಪಕ್ಷಗಳಿಗೆ ಸಲ್ಲುತ್ತದೆ. ಬೇರೊಬ್ಬರು ಬರೆದ ಫಂಕ್ಷನ್‌ನ ಮೊದಲ ಸಾಲನ್ನಷ್ಟೇ ಓದುವವನಿಗೆ, ಅದು ಏನನ್ನು ಮಾಡಿರಲಾರದು ಎಂದು ಇದರಿಂದ ಇನ್ನೂ ಹೆಚ್ಚು ಗೊತ್ತಾಗುತ್ತದೆಯೇ? ಹೌದೆಂದಾದರೆ ಕಷ್ಟಪಟ್ಟಾದರೂ ಅದನ್ನು ಕಲಿಯುವುದರಲ್ಲಿ ಅರ್ಥವಿದೆ. ಬರೆಯುವವನ ಕೈಚಳಕಕ್ಕೆ ಅದು ಇನ್ನೊಂದು ಅವಕಾಶವಷ್ಟೇ ಆಗುವುದಾದರೆ, ಅಂಥವು ಹ್ಯಾಸ್ಕೆಲ್‌ನಲ್ಲಿ ಈಗಾಗಲೇ ಬೇಕಾದಷ್ಟಿವೆ.